ಬೇಸ್ ನುಡಿಸುವ ಮಗಳಿಗೆ ಯಾರನ್ನು ಕೇಳಿಸಲಿ?

ಕೇಳಿದವರು, ಕುಶಾಲನಗರ: ಮಗಳಿಗೆ 17. ಕಾಲೇಜಿನ ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್ ನುಡಿಸುತ್ತಾಳೆ. "ನಾನು ನುಡಿಸೋದು ಯಾರಿಗೂ ಕೇಳಿಸೋದೇ ಇಲ್ಲ, ಬಿಟ್ಟುಬಿಡ್ತೀನಿ" ಅಂತ ಎರಡು ವಾರದಿಂದ ಹೇಳುತ್ತಿದ್ದಾಳೆ. ದೊಡ್ಡ ಬ್ಯಾಂಡ್‌ಗಳಲ್ಲಿ ಬೇಸ್ ನುಡಿಸಿದವರಲ್ಲಿ ಯಾರನ್ನು ಕೇಳಿಸಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸೋಮವಾರಪೇಟೆಯಿಂದ: ಮೊದಲನೆಯದಾಗಿ, ಫೋನ್ ಸ್ಪೀಕರ್‌ನಲ್ಲಿ ಕೇಳಿಸಬೇಡಿ. ಬೇಸಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ತಗ್ಗಿನ ದನಿ ಆ ಪುಟ್ಟ ಸ್ಪೀಕರ್‌ನಿಂದ ಹೊರಡುವುದೇ ಇಲ್ಲ. ಒಳ್ಳೆ ಹೆಡ್‌ಫೋನ್ ಹಾಕಿ ಕೂರಿಸಿ. ಆಮೇಲೆ ಇಂಗ್ಲೆಂಡಿನ ಕ್ವೀನ್ ರಾಕ್ ಬ್ಯಾಂಡಿನ ಬೇಸ್ ವಾದಕ ಜಾನ್ ಡೀಕನ್. ಕ್ವೀನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಗಾಯಕ ಫ್ರೆಡ್ಡಿ ಮರ್ಕ್ಯುರಿ, ಗಿಟಾರ್‌ನ ಬ್ರಿಯಾನ್ ಮೇ. ಆದರೆ 1980ರ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಬರೆದದ್ದು ಡೀಕನ್. ಆ ಹಾಡನ್ನು ಜನ ಗುನುಗುವುದೇ ಬೇಸ್ ಸಾಲಿನಿಂದ, ಅಲ್ವಾ? ಓದಿದ್ದು ಎಲೆಕ್ಟ್ರಾನಿಕ್ಸ್. ಕಸದಲ್ಲಿ ಸಿಕ್ಕ ಸರ್ಕ್ಯೂಟ್ ಬೋರ್ಡ್ ತಂದು ಪುಟ್ಟ ಆಂಪ್ಲಿಫೈಯರ್ ಮಾಡಿದರು. ಅದನ್ನೇ ಬ್ರಿಯಾನ್ ಮೇ ವರ್ಷಗಟ್ಟಲೆ ರೆಕಾರ್ಡಿಂಗ್‌ಗೆ ಬಳಸಿದರು. ನನಗಂತೂ ಆ ಬ್ಯಾಂಡಿನಲ್ಲಿ ಅವರೇ ಇಷ್ಟ.

ವಿರಾಜಪೇಟೆಯಿಂದ: ಹನ್ನೆರಡು ವರ್ಷ ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಿದ್ದೇನೆ. ನಿಮ್ಮ ಮಗಳ ಸಂಕಟ ನನಗೆ ಗೊತ್ತು. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಜೇಸನ್ ನ್ಯೂಸ್ಟೆಡ್ ಬಗ್ಗೆ ಅವಳಿಗೆ ಹೇಳಿ. ಕ್ಲಿಫ್ ಬರ್ಟನ್ 1986ರಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದವರು. 1988ರ ಆಲ್ಬಂನಲ್ಲಿ ಅವರ ಬೇಸನ್ನು ಎಷ್ಟು ತಗ್ಗಿಸಿಬಿಟ್ಟರು ಅಂದರೆ, ಕಿವಿಗೊಟ್ಟು ಹುಡುಕಿದರೂ ಸಿಗುವುದು ಕಷ್ಟ. ನುಡಿಸಿದ್ದು ಸುಳ್ಳಲ್ಲವಲ್ಲ.

ಒಂದು ಮದುವೆಯಲ್ಲಿ ಹೀಗಾಯಿತು. ಕೊನೆಗೆ ವಾಲಗದ ಧಾಟಿ ಹಿಡಿದೆವು. ಎಲ್ಲರೂ ಎದ್ದು ಕುಣಿಯುತ್ತಿದ್ದರು. ಯಾರದೋ ಕಾಲಿಗೆ ಸಿಕ್ಕಿ ನನ್ನ ವೈರ್ ಕಿತ್ತುಬಂತು. ಕೀಬೋರ್ಡ್, ಗಿಟಾರ್, ಡ್ರಮ್ಸ್ ಎಲ್ಲ ನಡೀತಾನೇ ಇತ್ತು. ಆದರೆ ಮುಂದಿದ್ದವರ ಹೆಜ್ಜೆ ಸಡಿಲಾಯಿತು. ಇಬ್ಬರು ಮೂವರು ತಲೆ ಎತ್ತಿ ವೇದಿಕೆ ಕಡೆ ನೋಡಿದರು. ಏನು ತಪ್ಪಿತು ಅಂತ ಅವರಿಗೂ ಗೊತ್ತಿಲ್ಲ. ಡ್ರಮ್ಸ್ ಹುಡುಗ ಬಗ್ಗಿ "ಎಲ್ಲಿ ಹೋಯ್ತಣ್ಣ ನಿಂದು?" ಅಂದ. ವೈರ್ ಸಿಕ್ಕಿಸಿದೆ. ಹೆಜ್ಜೆ ಮತ್ತೆ ಕೂಡಿಕೊಂಡಿತು. ಆ ರಾತ್ರಿಯಿಂದ ನನಗೆ ಸದ್ದು ಸಾಲದು ಅನಿಸಿದ್ದೇ ಇಲ್ಲ.

ಮಡಿಕೇರಿಯಿಂದ: ಜೇಮ್ಸ್ ಜೇಮರ್ಸನ್ ಮರೆಯಬೇಡಿ. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋ ಬ್ಯಾಂಡಿನವರು. 1960ರ ದಶಕದಲ್ಲಿ ಹಿಟ್ ಮೇಲೆ ಹಿಟ್ ನುಡಿಸಿದರು, ರೆಕಾರ್ಡ್ ಮೇಲೆ ಹೆಸರೇ ಇಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ ಆಲ್ಬಂ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಹೆಸರು ಅಚ್ಚಾಯಿತು. ತಂತಿ ಮೀಟುತ್ತಿದ್ದದ್ದು ಒಂದೇ ತೋರುಬೆರಳಲ್ಲಿ. ತುಂಡಾಗುವ ತನಕ ತಂತಿ ಬದಲಿಸುತ್ತಿರಲಿಲ್ಲ. ನಮ್ಮ ಮಳೆಗೆ ತಂತಿ ಬೇಗ ತುಕ್ಕು ಹಿಡಿಯುತ್ತೆ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಲು ಹೇಳಿ. ಕರೆಂಟ್ ಹೋದರೆ ಅಭ್ಯಾಸ ನಿಲ್ಲಿಸುವುದು ಬೇಡ. ಬೇಸಿನ ತಲೆಯನ್ನು ಮರದ ಬೀರುವಿಗೆ ಆನಿಸಿ ನುಡಿಸಲಿ. ಬೀರುವೇ ದನಿ ಕೊಡುತ್ತೆ.

ಕೇಳಿದವರು, ಕುಶಾಲನಗರ: ಸಂಜೆ ಕರೆಂಟ್ ಇರಲಿಲ್ಲ. ಬೀರುವಿಗೆ ಆನಿಸಿ ನುಡಿಸಿದಳು. ಒಳಗಿನ ಹ್ಯಾಂಗರ್‌ಗಳೆಲ್ಲ ಗಿರ್ರ್ ಅಂದವು. ಅಡುಗೆಮನೆಯಿಂದ ಅತ್ತೆ ಬಂದು "ಏನದು, ಇನ್ನೊಂದ್ಸಲ ನುಡಿಸು" ಅಂದರು. ಹೆಡ್‌ಫೋನ್ ನಾಳೆ ತರುತ್ತೇನೆ.