ಸ್ಕಾಟ್ಲೆಂಡ್ ಟ್ರಿಪ್, ಅಮ್ಮಂಗೆ ಬೋಟ್ ಆಗಲ್ಲ

ಜೂನ್‌ನಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಸ್ಕಾಟ್ಲೆಂಡ್‌ಗೆ ಹೊರಟಿದೀವಿ, ಎಡಿನ್‌ಬರಾ ಓಕೆ, ಸ್ಕೈ ದ್ವೀಪನೂ ನೋಡೋ ಆಸೆ, ಆದ್ರೆ ಅಮ್ಮಂಗೆ ಬೋಟ್ ಹತ್ತಿದ್ರೆ ವಾಂತಿ. ಏನ್ಮಾಡೋದು?

ಉತ್ತರ 1: ಬೋಟ್ ಯಾಕ್ ಗುರು, 1995ರಿಂದ ಸೇತುವೆ ಇದೆ, ಟೋಲೂ ಇಲ್ಲ. ಕಾರ್ ಬಾಡಿಗೆಗೆ ತಗೊಳ್ಳಿ, ನಮ್ ಥರಾನೇ ಎಡಗಡೆ ಡ್ರೈವಿಂಗು. ದ್ವೀಪದೊಳಗೆ ಎಷ್ಟೋ ಕಡೆ ಒಂದೇ ಗಾಡಿ ಹೋಗೋವಷ್ಟು ರಸ್ತೆ, ಎದುರಿಗೆ ಯಾರಾದ್ರೂ ಬಂದ್ರೆ ಪಾಸಿಂಗ್ ಪ್ಲೇಸಲ್ಲಿ (ರಸ್ತೆ ಪಕ್ಕ ಅಗಲ ಮಾಡಿರೋ ಜಾಗ) ನಿಂತು ದಾರಿ ಬಿಡ್ಬೇಕು, ಇಲ್ಲಿ ಥರ ನುಗ್ಗಿದ್ರೆ ಇಬ್ರೂ ಲಾಕ್.

ಉತ್ತರ 2: ಎಡಿನ್‌ಬರಾ ಕೋಟೆಗೆ ಭಾನುವಾರ ಬೇಡ, ಮಿಕ್ಕ ದಿನ ಮಧ್ಯಾಹ್ನ 1 ಗಂಟೆಗೆ ತೋಪು ಹಾರಿಸ್ತಾರೆ. ಸ್ಕೈ ಕಡೆ ಮಿಡ್ಜ್ ಅಂತ ನೊರಜು ಇರತ್ತೆ, ಗಾಳಿ ನಿಂತ್ರೆ ಮುಖಕ್ಕೇ ಮುತ್ಕೊಳ್ಳತ್ತೆ.

ಉತ್ತರ 3: ಬೆನ್ ನೆವಿಸ್ ಬೆಟ್ಟ 1345 ಮೀಟರ್ ಅಷ್ಟೇ, ಮುಳ್ಳಯ್ಯನಗಿರಿಗಿಂತ ಕಮ್ಮಿ ಅಂತ ಚಪ್ಪಲೀಲಿ ಹೊರಡ್ಬೇಡಿ, ಹತ್ತೋದು ಹೆಚ್ಚುಕಮ್ಮಿ ಸಮುದ್ರಮಟ್ಟದಿಂದಾನೇ ಶುರು!