ಚಿಕ್ಕಪ್ಪನ ಮರೆವು ನಾಟಕ ಅಲ್ಲ

ಚಿಕ್ಕಮ್ಮಾ, ಮೆಸೇಜ್ ನೋಡಿದೆ. ಹೋದ ವರ್ಷ ಮೂಡಿಗೆರೆ ತೋಟದಲ್ಲಿ ಬೋರರ್ (ಗಿಡ ಕೊರೆಯುವ ಹುಳ) ಔಷಧಿ ಹೊಡೆಯುವಾಗ ಮೈಮೇಲೆ ಚೆಲ್ಲಿಕೊಂಡು ಚಿಕ್ಕಪ್ಪ ಆಸ್ಪತ್ರೆ ಸೇರಿದ್ದರಲ್ಲ, ಈಗ ರಕ್ತದ ರಿಪೋರ್ಟ್ ನಾರ್ಮಲ್, ಆದರೂ ಮರೆವು, ಸಿಡುಕು, ರಾತ್ರಿ ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ಅದರ ಕೆಳಗೆ ಅಣ್ಣ "ಕೆಲಸ ತಪ್ಪಿಸೋಕೆ ನಾಟಕ" ಅಂತ ಹಾಕಿದಾನೆ. ಅಣ್ಣಾ, ಬೇಜಾರು ಮಾಡ್ಕೋಬೇಡ, ಹಾಸನದಲ್ಲಿ ಲ್ಯಾಬ್ ಕೆಲಸ ಮಾಡುವವಳು ಹೇಳ್ತೀನಿ ಕೇಳು.

ಅವತ್ತು ಬಾಟಲಿಯಲ್ಲಿದ್ದದ್ದು ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕ. ನರದಿಂದ ನರಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ಕೆಲಸ ಮುಗಿದ ಕೂಡಲೇ ಒಡೆಯುವ ಒಂದು ಎನ್‌ಜೈಮ್ ಇದೆ, ಈ ಔಷಧಿ ಅದನ್ನೇ ಕಟ್ಟಿಹಾಕುತ್ತದೆ. ಆಮೇಲೆ ಅಸಿಟೈಲ್‌ಕೋಲಿನ್ ರಾಶಿ ಬೀಳುತ್ತದೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದು ಅದಕ್ಕೇ. ಇದೇ ಎನ್‌ಜೈಮ್ ಕೆಂಪು ರಕ್ತಕಣದಲ್ಲೂ ಇರುತ್ತದೆ, ಆ ಕಣಕ್ಕೆ ಸುಮಾರು 120 ದಿನ ಆಯಸ್ಸು. ಹಳೆಯವು ಹೋಗಿ ಹೊಸವು ಬಂದ ಹಾಗೆ ಎನ್‌ಜೈಮ್ ಲೆಕ್ಕವೂ ಸರಿಹೋಗುತ್ತದೆ. ನಾವು ಅಳೆಯೋದು ಅಷ್ಟೇ. ಮಿದುಳಿನ ಸುದ್ದಿ ಆ ಟ್ಯೂಬಿನ ರಕ್ತಕ್ಕೆ ಗೊತ್ತಿಲ್ಲ.

ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಬಂದು ಕೂರುವ ಜಾಗಕ್ಕೆ ರಿಸೆಪ್ಟರ್ ಅಂತಾರೆ. ಹೊರಗೆ ಯಾರೋ ಒಂದೇ ಸಮನೆ ಕೂಗ್ತಿದ್ದರೆ ನಾವು ಕಿಟಕಿ ಹಾಕಿಕೊಳ್ಳಲ್ವಾ, ಹಾಗೆ ನರಕೋಶವೂ ರಿಸೆಪ್ಟರ್‌ಗಳನ್ನು ಒಳಗೆ ಎಳೆದುಕೊಂಡು ಕಡಿಮೆ ಮಾಡಿಬಿಡುತ್ತದೆ. ಇಲಿಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್‌ನಲ್ಲಿ ಈ ರಿಸೆಪ್ಟರ್ ಜಾಸ್ತಿ, ಅದಕ್ಕೇ ಮರೆವಿನ ಮಾತು ಬಂದಾಗ ಡಾಕ್ಟರುಗಳು ಇದನ್ನು ನೆನೆಸಿಕೊಳ್ಳೋದು. 1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಬಿಟ್ಟ ಸಾರಿನ್ ಕೂಡ ಇದೇ ಎನ್‌ಜೈಮ್ ಹಿಡಿಯುವ ವಿಷ. ಬದುಕುಳಿದ ಕೆಲವರಿಗೆ ವರ್ಷಗಳಾದರೂ ನೆನಪಿನ ತೊಂದರೆ ಹೋಗಿರಲಿಲ್ಲ. ಅವರೂ ನಾಟಕ ಮಾಡಿದ್ರಾ?

ಹಾಗಂತ ಎಲ್ಲವನ್ನೂ ಔಷಧಿ ತಲೆಗೇ ಕಟ್ಟಬೇಡಿ. ಬಿ12, ಥೈರಾಯ್ಡ್, ಶುಗರ್ ಮೊದಲು ನೋಡಿಸಿ. ನರದ ಡಾಕ್ಟರ್ ಹತ್ತಿರ ಹೋಗುವಾಗ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಮತ್ತು ಬಾಟಲಿಯ ಲೇಬಲ್ ಫೋಟೊ ಮರೀಬೇಡಿ, ಸುಮ್ನೆ "ಗಿಡದ ಔಷಧಿ" ಅಂದರೆ ಅವರಿಗೆ ಏನೂ ಗೊತ್ತಾಗಲ್ಲ.

ಇನ್ನೊಂದು. ನಿದ್ದೆ ಬರಲಿ ಅಂತ ಅವಿಲ್ ಕೊಡ್ತಿದ್ದೀರಲ್ಲ, ಅದನ್ನು ನಿಲ್ಲಿಸಿ ಚಿಕ್ಕಮ್ಮಾ. ಇಂಥ ಹಳೇ ಅಲರ್ಜಿ ಮಾತ್ರೆಗಳು ಅದೇ ರಿಸೆಪ್ಟರ್‌ಗೆ ಅಡ್ಡ ಕೂರುತ್ತವೆ, ಮರೆವು ಇನ್ನೂ ಜಾಸ್ತಿ ಆಗಬಹುದು. ನಿದ್ದೆಗೆ ಏನು ಕೊಡಬೇಕು ಅಂತ ಡಾಕ್ಟರನ್ನೇ ಕೇಳಿ. ಈ ಸಲ ಬೋರರ್ ಔಷಧಿ ಕೆಲಸ ಅಣ್ಣ ನೋಡಿಕೊಳ್ಳಲಿ, ಗ್ಲೌಸು, ಉದ್ದ ತೋಳಿನ ಅಂಗಿ ಎಲ್ಲ ಹಾಕಿಕೊಂಡು. ಚಿಕ್ಕಪ್ಪ ಆ ಕಡೆ ಸುಳಿಯೋದೂ ಬೇಡ.