ಕಬ್ಬನ್ ಉದ್ಯಾನದಲ್ಲಿ ಅವ್ವನೊಂದಿಗೆ ಸೈಕಲ್ ಸವಾರಿ: ಏರಿಲ್ಲದ ದಾರಿ ಯಾವುದು?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ ಈಗ 61 ವರ್ಷ. ಹೈಸ್ಕೂಲಿಗೆ ಸೈಕಲ್ ಮೇಲೆ ಹೋಗುತ್ತಿದ್ದವರು ಮದುವೆಯಾದ ಮೇಲೆ ಅದನ್ನು ಮುಟ್ಟಿಲ್ಲ. ಮತ್ತೊಮ್ಮೆ ತುಳಿಯಬೇಕೆಂಬ ಆಸೆಯನ್ನು ಈಚೆಗೆ ತಾವಾಗಿಯೇ ಹೇಳಿಕೊಂಡಿದ್ದಾರೆ. ಡಿಸೆಂಬರಿನಲ್ಲಿ ಬೆಂಗಳೂರಿನ ವಸಂತನಗರದಲ್ಲಿರುವ ಅಕ್ಕನ ಮನೆಗೆ ಹೋಗುವವರಿದ್ದೇವೆ. ಅಲ್ಲಿ ಎರಡು ಸೈಕಲ್‌ಗಳಿವೆ, ಕಬ್ಬನ್ ಉದ್ಯಾನವೂ ಹತ್ತಿರದಲ್ಲಿದೆ. ಅವ್ವನಿಗೆ ಮೊಣಕಾಲು ನೋವು ಸ್ವಲ್ಪ ಇರುವುದರಿಂದ ಏರು ಇರಬಾರದು, ವಾಹನಗಳ ಭಯವೂ ಇರಬಾರದು. ಯಾವ ದಿನ, ಯಾವ ದಾರಿಯಲ್ಲಿ ಹೋಗುವುದು ಒಳ್ಳೆಯದು? ಹೋಗುವ ಮೊದಲು ಇಲ್ಲಿಯೇ ಅಭ್ಯಾಸ ಮಾಡಿಸಬಹುದಾದ ಸಮತಟ್ಟಾದ ಜಾಗವಿದ್ದರೆ ಅದನ್ನೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ (ಮೂಲತಃ ಧಾರವಾಡ, ಈಗ ಬೆಂಗಳೂರು)

ನಿಮ್ಮ ತಾಯಿಯವರ ಆಸೆ ಓದಿ ಬಹಳ ಸಂತೋಷವಾಯಿತು. ದಿನದ ವಿಷಯದಲ್ಲಿ ಎರಡನೆಯ ಯೋಚನೆಯೇ ಬೇಡ, ಭಾನುವಾರ ಬೆಳಗ್ಗೆಯೇ ಹೋಗಿ. ಉಳಿದ ದಿನಗಳಲ್ಲಿ ಉದ್ಯಾನದ ಒಳಗಿನ ರಸ್ತೆಗಳಲ್ಲಿ ಕಾರು, ಸ್ಕೂಟರ್‌ಗಳು ಓಡಾಡುತ್ತವೆ. ಭಾನುವಾರ ಅವುಗಳಿಗೆ ಪ್ರವೇಶವಿಲ್ಲ. ಬಹಳ ವರ್ಷಗಳ ನಂತರ ಸೈಕಲ್ ಹತ್ತುವವರಿಗೆ ನೆಲ ಸಮತಟ್ಟಾಗಿರುವುದಕ್ಕಿಂತ ಹಿಂದಿನಿಂದ ಹಾರ್ನ್ ಕೇಳಿಸದಿರುವುದೇ ಹೆಚ್ಚಿನ ನೆರವು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹಾರ್ನ್ ಕೇಳಿ ಬೆಚ್ಚಿದ ಕೈ ಹ್ಯಾಂಡಲನ್ನು ತಿರುಗಿಸಿಬಿಡುತ್ತದೆ.

ಇನ್ನು ದಾರಿ. 1870ರಲ್ಲಿ ರಿಚರ್ಡ್ ಸ್ಯಾಂಕಿ ಅವರ ಕಾಲದಲ್ಲಿ ರೂಪುಗೊಂಡ ಈ ಉದ್ಯಾನ ಇಂದು ಸುಮಾರು 300 ಎಕರೆಯಷ್ಟಿದೆ. ಅದು ಪೂರ್ತಿ ಸಮತಟ್ಟಲ್ಲ. ಈಗ ಕಂಠೀರವ ಕ್ರೀಡಾಂಗಣವಿರುವ ಜಾಗ ಹಿಂದೆ ಸಂಪಂಗಿ ಕೆರೆಯಾಗಿತ್ತು. ಮಳೆನೀರು ಹರಿದು ಸೇರುತ್ತಿದ್ದ ಆ ದಿಕ್ಕಿಗೆ ನೆಲ ಸಹಜವಾಗಿಯೇ ತಗ್ಗುತ್ತದೆ, ಅಂದರೆ ಅತ್ತ ಸಲೀಸಾಗಿ ಇಳಿದವರು ಮರಳುವಾಗ ಏರಲೇಬೇಕು. ಆದ್ದರಿಂದ ಆ ಕಡೆಗೆ ಹೋಗದೆ, ವಿಕ್ಟೋರಿಯಾ ರಾಣಿಯ ಪ್ರತಿಮೆಯ ಬಳಿಯಿಂದ ಒಳಗೆ ಬಂದು, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದವರೆಗೆ ಹೋಗಿ, ಅಲ್ಲಿಂದ ಹೈಕೋರ್ಟಿನ, ಅಂದರೆ ಹಳೆಯ ಅಠಾರ ಕಚೇರಿಯ ಹಿಂಬದಿಯತ್ತ ಸ್ವಲ್ಪ ಸಾಗಿ ತಿರುಗಿ ಬನ್ನಿ. ಅಗಲವಾದ ಡಾಂಬರು ರಸ್ತೆ, ಎರಡೂ ಬದಿಗೆ ದೊಡ್ಡ ಮರಗಳ ನೆರಳು. ಸಾಕೆನಿಸಿದಲ್ಲಿ ಇಳಿದು ಕೂರಲು ಕಲ್ಲುಬೆಂಚುಗಳೂ ಇವೆ. ಹುಲ್ಲುಹಾಸಿನ ನಡುವಿನ ಕಾಲುದಾರಿಗಳನ್ನು ನಡೆಯುವವರಿಗೇ ಬಿಟ್ಟುಕೊಡಬೇಕು.

ವಸಂತನಗರದಿಂದ ಉದ್ಯಾನದವರೆಗೆ ಸೈಕಲ್‌ಗಳನ್ನು ನೀವು ಮತ್ತು ನಿಮ್ಮ ಅಕ್ಕ ತುಳಿದುಕೊಂಡು ಬನ್ನಿ, ತಾಯಿಯವರು ಆಟೋದಲ್ಲಿ ಬರಲಿ. ಅವರ ಸವಾರಿ ಗೇಟಿನ ಒಳಗೇ ಆರಂಭವಾಗಲಿ.

ಉತ್ತರ (ಸಪ್ತಾಪುರ, ಧಾರವಾಡ)

ಅಭ್ಯಾಸದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು. ಇಲ್ಲಿ ನಾಲ್ಕು ಓಣಿ ದಾಟುವಷ್ಟರಲ್ಲಿ ಒಂದು ಏರು, ಒಂದು ಇಳಿಜಾರು ಬಂದೇ ಬರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಏರನ್ನೂ ಕಡೆಗಣಿಸಬೇಡಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ನಿಧಾನವಾಗಿ ಹೋಗುವವರಿಗೆ, ನೂರು ಮೀಟರಿಗೆ ಕೇವಲ ಎರಡು ಮೀಟರ್ ಏರಿದರೂ ಸಮನೆಲದಲ್ಲಿ ಬೇಕಾದುದಕ್ಕಿಂತ ಎರಡರಿಂದ ಮೂರು ಪಟ್ಟು ಶಕ್ತಿ ಬೇಕಾಗುತ್ತದೆ, ಆ ಭಾರವೆಲ್ಲ ಮೊಣಕಾಲಿನ ಮೇಲೆಯೇ ಬೀಳುತ್ತದೆ. ಹೀಗಾಗಿ ತಾಯಿಯವರನ್ನು ಧಾರವಾಡಕ್ಕೆ ಕರೆತರುವುದಕ್ಕಿಂತ ನಿಮ್ಮ ಹುಬ್ಬಳ್ಳಿಯ ನೆಹರೂ ಮೈದಾನವೇ ಲೇಸು. ಆಟಗಾರರು ಸೇರುವ ಮೊದಲು, ನಸುಕಿನಲ್ಲಿ ಹೋಗಿ. ಮಳೆ ಬಂದ ಮರುದಿನ ಮಾತ್ರ ಹೋಗಬೇಡಿ, ಹಸಿ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ. ಉಣಕಲ್ ಕೆರೆ, ತೋಳನಕೆರೆಗಳ ದಂಡೆ ಸಮನಾಗಿದ್ದರೂ ಬೆಳಗ್ಗೆ ವಾಯುವಿಹಾರಕ್ಕೆ ಬರುವವರ ನಡುವೆ ಹೊಸಬರು ಸೈಕಲ್ ನಡೆಸುವುದು ಇಬ್ಬರಿಗೂ ಕಷ್ಟ.

ಮೊದಲು ಸೀಟನ್ನು ಪೂರ್ತಿ ಕೆಳಗಿಳಿಸಿ. ಕುಳಿತಾಗ ಎರಡೂ ಅಂಗಾಲು ನೆಲಕ್ಕೆ ತಾಗಬೇಕು. ಪೆಡಲ್ ಮುಟ್ಟದೆ, ಕಾಲಿನಿಂದಲೇ ನೆಲವನ್ನು ಒತ್ತುತ್ತ ಹತ್ತಿಪ್ಪತ್ತು ಹೆಜ್ಜೆ ಸಾಗಲಿ. ತೋಲ ಹಿಡಿಯುವ ಅಭ್ಯಾಸ ದೇಹಕ್ಕೆ ಮರೆತುಹೋಗಿರುವುದಿಲ್ಲ, ಅದು ಎಚ್ಚರಗೊಳ್ಳಲು ಸ್ವಲ್ಪ ಸಮಯ ಬೇಕು ಅಷ್ಟೆ. ಪೆಡಲ್ ಕಾಲಿಗೆ ಬಡಿಯುತ್ತಿದ್ದರೆ ಬಿಚ್ಚಿಸಿಬಿಡಿ, ಆದರೆ ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ ಎಂಬುದು ನೆನಪಿರಲಿ: ಬಲಗಡೆಯದರಂತೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಧೈರ್ಯ ಬಂದ ಮೇಲೆ ಸೀಟನ್ನು ಮೇಲೇರಿಸಲೇಬೇಕು. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಎತ್ತರವಿದ್ದರೆ ಮೊಣಕಾಲು ಹೆಚ್ಚು ಮಡಚುವುದಿಲ್ಲ, ನೋವೂ ಕಡಿಮೆ. ಸೀರೆ ಉಡುವವರಾದರೆ ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ ಸೈಕಲ್ಲೇ ಬೇಕು. ಸೆರಗು ಹಿಂದಿನ ಗಾಲಿಗೆ ಸಿಗದಂತೆ ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ.

ಉತ್ತರ (ಗದಗ)

ನೆಲ ಸಮನಿದ್ದರೆ ಸಾಕು ಎಂದು ತಿಳಿಯಬಾರದು ಎಂಬುದನ್ನು ನಮ್ಮ ಕಡೆಯವರು ಚೆನ್ನಾಗಿ ಬಲ್ಲರು. ಅಣ್ಣಿಗೇರಿಯ ಸುತ್ತಲಿನ ಎರೆಹೊಲಗಳ ನಡುವಿನ ದಾರಿಗಳು ಸಮತಟ್ಟಾಗಿಯೇ ಇವೆ, ಆದರೆ ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ತುಳಿಯುವಾಗ ಬೆಟ್ಟ ಹತ್ತಿದಷ್ಟೇ ದಣಿವಾಗುತ್ತದೆ. ಕಬ್ಬನ್ ಉದ್ಯಾನದಲ್ಲಿ ಮರಗಳು ಗಾಳಿಯನ್ನು ತಡೆಯುವುದರಿಂದ ಆ ತೊಂದರೆ ಇರಲಾರದು. ಹೊರಡುವ ಮುನ್ನ ಎರಡೂ ಗಾಲಿಗಳಿಗೆ ಗಾಳಿ ತುಂಬಿಸಿಕೊಳ್ಳಿ. ಮೆತ್ತಗಾದ ಟೈರು ಸಮನೆಲವನ್ನೂ ಏರಾಗಿಸುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಅನಂತ ಧನ್ಯವಾದಗಳು. ಉತ್ತರಗಳನ್ನು ಅವ್ವನಿಗೆ ಓದಿ ಹೇಳಿದೆ. ಅವರದೊಂದು ಪ್ರಶ್ನೆಯಿದೆ: ಎರಡು ಬ್ರೇಕುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು?

ಉತ್ತರ (ಸಪ್ತಾಪುರ, ಧಾರವಾಡ)

ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿಯಲಿ. ಮುಂದಿನದನ್ನು ಮಾತ್ರ ಥಟ್ಟನೆ ಒತ್ತಿದರೆ ಸವಾರರು ಮುಂದಕ್ಕೆ ಮುಗ್ಗರಿಸುವ ಅಪಾಯವಿದೆ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಗಾಲಿಯದು, ಎಡಗೈಯದು ಹಿಂದಿನದು. ಆದರೂ ಅಕ್ಕನ ಮನೆಯ ಸೈಕಲ್‌ಗಳಲ್ಲಿ ಹೇಗಿದೆ ಎಂಬುದನ್ನು ಗಾಲಿ ಎತ್ತಿ ತಿರುಗಿಸಿ ಮೊದಲೇ ನೋಡಿಕೊಂಡು, ತಾಯಿಯವರ ಕೈಯಿಂದಲೇ ಒಮ್ಮೆ ಒತ್ತಿಸಿ ತೋರಿಸಿ.